ಕೀಲಿ ಕಮಲಾಪುರದಾಗ ಅದ

ಏ, ಕಟ್ಟಿ ಮ್ಯಾಲ ಕುಂತೋರೇ! ಏ ಸಪ್ನಾ, ಆ ಬಕೀಟು ಅಲ್ಲೇ ಇಟ್ಟು ಬಾ ಇತ್ತ! ಎಳ್ಳಮವಾಸಿ ದಿನ ಐವಾನ್-ಎ-ಶಾಹಿ ಬಡಾವಣಿ ಕಡೀ ಒಂದು ಮನ್ಯಾಗ ಗಂಡ-ಹೆಂಡತಿಗಿ ಚಾಕು ತೋರಿಸಿ ಕೂಡಿ ಹಾಕಿದ್ದು ಕೇಳೀರೇನು? ಕೇಳ್ರಿ ಹಂಗಾರ!

ಓಣಿಗೆ ಓಣಿಯೇ ಹಬ್ಬದೂಟದ ಬುಟ್ಟಿ ಕಟ್ಟಿಕೊಂಡು ಹೊಲಕ್ಕೆ ಹೋಗಿತ್ತು. ಖಾಲಿ ಮನೆ ಎಂದುಕೊಂಡು ಹಿತ್ತಲ ಬಾಗಿಲಿನಿಂದ ನುಗ್ಗಿದ ಕಳ್ಳ, ಮುಖಕ್ಕೆ ಟವೆಲ್ ಸುತ್ತಿ, ಚಾಕು ಹಿಡಿದು ನಿಂತು ಬಹಳ ಹೊತ್ತಾಗಿತ್ತು. ವಿಮಲಾಬಾಯಿ ಮತ್ತು ದೇವೀಂದ್ರಪ್ಪನ ಜಗಳ ಮಾತ್ರ ನಿಂತಿರಲಿಲ್ಲ.

ವಿಮಲಾಬಾಯಿ: ಅಲ್ಲಿ ಕಮಲಾಪುರದಾಗ ನಿಮ್ಮ ತಮ್ಮ ಚರಗದ ಗಡಿಗಿ ಹಿಡ್ಕೊಂಡು ನಿಂತಾನ. ಅಣ್ಣ ಬಂದು ಹೊಲದ ಬೆಳಿಗಿ ಎಡಿಯಾಗಿ ಚರಗ ಚೆಲ್ಲೋತನಕ ಯಾರೂ ಉಣ್ಣಂಗಿಲ್ಲ ಅಂದಾನ. ಹುಡುಗ್ರು ಹಸಕೊಂಡು ಕುಂತಾವ್ರೀ!

ದೇವೀಂದ್ರಪ್ಪ: ಹೋದ ವರ್ಷ ನಿಂತಿದ್ನೇನು? ನಾ ಜರಾ ತಡಾ ಮಾಡಿದ್ದಕ್ಕ ತಾನೇ ಚೆಲ್ಲಿಬಿಟ್ಟ. ಮನೀಗಿ ಹಿರ್ಯಾ ಯಾರು, ನಾನೋ ಅವನೋ? ನಾ ಹೋಗಂಗಿಲ್ಲ ಅಂದ್ರ ಹೋಗಂಗಿಲ್ಲ.

ಕಳ್ಳ: ಕಾಕಾ, ಯಾರೂ ಎಲ್ಲೂ ಹೋಗಂಗಿಲ್ಲ! ಚಾಕು ಕಾಣವಲ್ದೇನು?

ವಿಮಲಾಬಾಯಿ: ನೀ ಜರಾ ತಡಿಯಪ್ಪಾ. ನಮ್ಮದು ಮುಗೀಲಿ, ಆಮ್ಯಾಲ ನಿಂದು.

ದೇವೀಂದ್ರಪ್ಪ: ತಮ್ಮಾ, ನೀನೇ ಹೇಳು. ಹಿರ್ಯಾ ಇರ್ಲಾರ್ದ ಚರಗ ಚೆಲ್ಲೂದು ರೀತಿ ಏನು?

ಕಳ್ಳ: ರೀತಿ ಅಲ್ಲ ಖರೇ... ಏ, ನನಗ್ಯಾಕ ಕೇಳ್ತೀರಿ? ಬಂಗಾರ ಎಲ್ಲದ?

ವಿಮಲಾಬಾಯಿ: ತಿಜೋರ್ಯಾಗ.

ಕಳ್ಳ: ಕೀಲಿ?

ಕೀಲಿ ಅವಳ ಸೊಂಟದಲ್ಲೇ ಇತ್ತು, ಸೀರೆಯೊಳಗೆ ಚುಚ್ಚುತ್ತಿತ್ತು. ಅಷ್ಟರಲ್ಲಿ ಮೇಜಿನ ಮೇಲೆ ಮೊಬೈಲ್ ಬಡಿದುಕೊಂಡಿತು. ಮತ್ತೆ ಮೈದುನ ಜಗದೇವಪ್ಪ! ವಿಮಲಾಬಾಯಿಗೆ ಒಮ್ಮೆಲೇ ಏನೋ ಹೊಳೆಯಿತು.

ವಿಮಲಾಬಾಯಿ: ಕೀಲಿ ಕಮಲಾಪುರದಾಗ ಅದ. ಹೋದ ವಾರ ನಮ್ಮ ನೆಗೆಣ್ಣಿ, ಇವರ ತಮ್ಮನ ಹೆಂಡ್ತಿ ಬಲ್ಲಿ ಮರ್ತು ಬಂದೀನಿ.

ದೇವೀಂದ್ರಪ್ಪ: ಏನು? ಕೀಲಿ ನಿನ್ನ ಸೊಂ...

ವಿಮಲಾಬಾಯಿ: ಹೇಳ್ರಿ! ಬಾಯಿ ಬಿಟ್ಟು ಹೇಳ್ರಿ, ಎಲ್ಲದ ಕೀಲಿ?

ದೇವೀಂದ್ರಪ್ಪ ಮನಸ್ಸಿನಲ್ಲೇ ಲೆಕ್ಕ ಹಾಕತೊಡಗಿದ. ನಿಜ ಹೇಳಿದರೆ ಬಂಗಾರ ಹೋಗುತ್ತದೆ. ಸುಳ್ಳಿಗೆ ಹೂಂಗುಟ್ಟಿದರೆ ತಮ್ಮನ ಮುಂದೆ ಹೋಗಿ ನಿಲ್ಲಬೇಕಾಗುತ್ತದೆ. ಯಾವುದು ದೊಡ್ಡ ನಷ್ಟ ಎಂದು ತೂಗುತ್ತ ಕುಳಿತ ಗಂಡನನ್ನು ನೋಡಿ ವಿಮಲಾಬಾಯಿಯ ಮೈ ಉರಿಯಿತು. ಇಷ್ಟು ಯೋಚನೆ ಬೇಕೇ ಇದಕ್ಕೆ!

ದೇವೀಂದ್ರಪ್ಪ: (ಹಲ್ಲು ಕಡಿದು) ಕಮಲಾಪುರದಾಗೇ ಅದ.

ಕಳ್ಳ: ಹಂಗಾರ ಏಳ್ರಿ, ಕಾರ್ ತೆಗೀರಿ! ನಾ ಕಾರಿನಾಗೇ ಕುಂತಿರ್ತೀನಿ, ನೀವು ಕೀಲಿ ಇಸ್ಕೊಂಡು ಬರ್ರಿ.

ದೇವೀಂದ್ರಪ್ಪ: ನಾ ಬರಂಗಿಲ್ಲ.

ಕಳ್ಳ: ಕಾಕಾ, ಚಾಕು ಅದ!

ದೇವೀಂದ್ರಪ್ಪ: ಇರ್ಲಿ. ನನಗೂ ಮರ್ಯಾದಿ ಅದ.

ವಿಮಲಾಬಾಯಿ: ಅಷ್ಟು ದೂರ ಹಿಡಿದ್ರ ಅವರು ಏಳ್ತಾರೇನೋ? ಜರಾ ಕುತ್ತಿಗಿ ಬಲ್ಲಿ ಹಿಡಿ. ಹಾಂ, ಹಂಗ! ಇನ್ನೊಂದು ಕೈಲೆ ಆ ಭಜ್ಜಿ ಪಲ್ಯಾದ ಬುಟ್ಟಿ ಎತ್ತಕೋ.

ದೇವೀಂದ್ರಪ್ಪ: ನೀ ಯಾರ ಕಡೀ ಅದಿ ವಿಮಲಾ?

ವಿಮಲಾಬಾಯಿ: ಹಸದ ಹುಡುಗ್ರ ಕಡೀ.

ದಾರಿಯುದ್ದಕ್ಕೂ ಕಳ್ಳನ ಒಂದು ಕೈ ಚಾಕುವಿನ ಮೇಲಿದ್ದರೆ, ಇನ್ನೊಂದು ಕೈ ಭಜ್ಜಿ ಚೆಲ್ಲದಂತೆ ಬುಟ್ಟಿಯೊಳಗಿನ ಪಾತ್ರೆಯ ಮೇಲಿತ್ತು. ಕಾರು ಹೊಲದ ಬದುವಿಗೆ ಮುಟ್ಟುವುದರೊಳಗೆ ಜಗದೇವಪ್ಪ ಗಡಿಗೆ ಹಿಡಿದೇ ಓಡಿ ಬಂದ.

ಜಗದೇವಪ್ಪ: ಅಣ್ಣಾ! ನೀ ಬಂದೇ ಬರ್ತಿ ಅಂತ ನನಗ ಗೊತ್ತಿತ್ತು!

ಚಾಕು ತೋರಿಸಿ ಎಳೆದು ತಂದರು ಎನ್ನಲು ದೇವೀಂದ್ರಪ್ಪ ಬಾಯಿ ತೆರೆದ. ಅಷ್ಟರಲ್ಲಿ ತಮ್ಮ ಚರಗದ ಗಡಿಗೆಯನ್ನು ಅವನತ್ತ ಚಾಚಿದ.

ದೇವೀಂದ್ರಪ್ಪ: ಹೂಂ. ನಾನೇ ಬಂದೀನಿ. ಕೊಡಿಲ್ಲಿ ಗಡಿಗಿ.

ಜಗದೇವಪ್ಪ: (ಕಣ್ಣೊರೆಸಿಕೊಂಡು) ಹಿಂದ ಕುಂತೋನು ಯಾರು ವೈನಿ?

ವಿಮಲಾಬಾಯಿ: ನಿಮ್ಮ ಅಣ್ಣಗ ಕರ್ಕೊಂಡು ಬಂದೋನು.

ಜಗದೇವಪ್ಪ: ಹಂಗಾರ ಮೊದಲ ಪಂಗತಿ ಅವಂದೇ! ಇಳಿಯೋ ತಮ್ಮಾ, ಇವತ್ತ ಹೊಲಕ್ಕ ಬಂದೋರು ಉಣಲಾರ್ದ ಹೋಗಂಗಿಲ್ಲ.

ಕಳ್ಳ: ಅಲ್ಲರೀ, ನನಗ ಕೀಲಿ...

ವಿಮಲಾಬಾಯಿ: ಮೊದಲ ಮುಖದ ಟವೆಲ್ ಬಿಚ್ಚು, ಇಲ್ಲಂದ್ರ ಉಣ್ಣೂದು ಹ್ಯಾಂಗ? ಹೆಸರೇನು ನಿಂದು?

ಕಳ್ಳ: (ತಲೆ ತಗ್ಗಿಸಿ) ಖಂಡೆಪ್ಪ ರೀ.

ವಿಮಲಾಬಾಯಿ: ಚಾಕು ಕೊಡಿಲ್ಲಿ ಖಂಡೆಪ್ಪ, ಸವತಿಕಾಯಿ ಹೆಚ್ಚಬೇಕು.

ಚರಗ ಚೆಲ್ಲಿಯಾಯಿತು, ಪಂಗತಿ ಕೂತಿತು. ಸಜ್ಜಿ ರೊಟ್ಟಿ ಮುರಿದು ಭಜ್ಜಿಯಲ್ಲಿ ಅದ್ದಿ ಅದ್ದಿ ಉಂಡ ಖಂಡೆಪ್ಪ ಕೊನೆಗೆ ಕೆಂಪುಬಾಳೆಯ ಗಿಡಕ್ಕೆ ಒರಗಿದ.

ಖಂಡೆಪ್ಪ: ಕಾಕು... ಕೀಲಿ?

ವಿಮಲಾಬಾಯಿ: ಇನ್ನೊಂದು ರೊಟ್ಟಿ?

ಖಂಡೆಪ್ಪ: ...ಅರ್ಧ ಹಾಕ್ರಿ.

ಹೊತ್ತು ಇಳಿದಾಗ ಜಗದೇವಪ್ಪನೇ ಅವನ ಕೈಗೆ ಕಡಬಿನ ಗಂಟು ಕೊಟ್ಟು ಬಸ್ಸು ಹತ್ತಿಸಿದ. ಸಂಜೆ ಮನೆಗೆ ಬಂದ ದೇವೀಂದ್ರಪ್ಪ, ಹೆಂಡತಿಯ ಬುಟ್ಟಿಯಲ್ಲಿ ಏನೋ ಮಿಂಚುವುದನ್ನು ಕಂಡ.

ದೇವೀಂದ್ರಪ್ಪ: ಏ, ಅವನ ಚಾಕು ಅವನಿಗಿ ಕೊಡಲಿಲ್ಲೇನು?

ವಿಮಲಾಬಾಯಿ: ಮುಂದಿನ ವರ್ಷ ಬೇಕಾಗ್ತದ.

ದೇವೀಂದ್ರಪ್ಪ: ಮುಂದಿನ ವರ್ಷ ನಾನೇ ಬರ್ತೀನಿ ಮಾರಾಯ್ತಿ!

ವಿಮಲಾಬಾಯಿ: ನಿಮ್ಮ ಮಾತಿಗಿಂತ ನನಗ ಇದರ ಮ್ಯಾಲೇ ಭರೋಸಾ ಜಾಸ್ತಿ.

ಅವಳು ಚಾಕು ತೊಳೆದು ಸೆರಗಿನಿಂದ ಒರೆಸಿದಳು. ಸೊಂಟದ ಕೀಲಿ ತೆಗೆದು, ತಿಜೋರಿ ತೆರೆದು, ಬಂಗಾರದ ಪಕ್ಕದಲ್ಲಿ ಆ ಚಾಕುವನ್ನಿಟ್ಟು ಬೀಗ ಹಾಕಿದಳು.