ಬಂಪ್ಡ್ ಇನ್‌ಟು ಮಾವ

ಗೊತ್ತಿಲ್ಲದ ಇಂಗ್ಲಿಷಿನಿಂದ ಯಾರಿಗೂ ಅಪಾಯವಿಲ್ಲ, ಬಾಯಿ ಮುಚ್ಚಿಕೊಂಡಿರುತ್ತೇವೆ. ಅಪಾಯವೆಲ್ಲ ನಿನ್ನೆ ತಾನೆ ಕಲಿತ ಇಂಗ್ಲಿಷಿನಿಂದ. ನನಗೋ, ಹೊಸ ಮಾತೊಂದು ಸಿಕ್ಕಿದರೆ ಹೊಸ ಚಪ್ಪಲಿ ಸಿಕ್ಕ ಹಾಗೆ. ಮನೆಯೊಳಗೂ ಹಾಕಿಕೊಂಡು ಓಡಾಡಬೇಕು. ಇತ್ತೀಚೆಗೆ ಸಿಕ್ಕಿದ್ದು 'ಬಂಪ್ಡ್ ಇನ್‌ಟು'. ಯಾರಾದರೂ ಅಕಸ್ಮಾತ್ ಎದುರಾದರೆ ಹಾಗೆನ್ನಬೇಕಂತೆ.

ಮಾವನವರೂ ನಾನೂ ಮಾತು ಬಿಟ್ಟಿದ್ದಕ್ಕೂ ಇಂಗ್ಲಿಷೇ ಕಾರಣ. ಯುಗಾದಿ ಊಟದ ದಿನ ಅವರು ನೆಂಟರೆದುರು, "ಇವ್ರು ನಮ್ ಕಸಿನ್ ಬ್ರದರ್ರು" ಎಂದು ಯಾರನ್ನೋ ಪರಿಚಯಿಸುತ್ತಿದ್ದರು. "ಬರೀ ಕಸಿನ್ ಅಂದ್ರೆ ಸಾಕು ಮಾವ, ಬ್ರದರ್ ತಪ್ಪು" ಎಂದೆ. ಅವತ್ತಿನಿಂದ ನನ್ನ ಹೆಸರೆತ್ತಿದರೆ ಅವರು ಎದ್ದು ಹೋಗುತ್ತಿದ್ದರು. ನಡುವೆ ಒದ್ದಾಡುತ್ತಿದ್ದವಳು ಹೆಂಡತಿ ಸುಧಾ. "ಒಂದ್ಸಲ ಮಾತಾಡಿಬಿಡ್ರೀ, ಆಮೇಲೆ ಬೇಕಾದ್ರೆ ಇಂಗ್ಲಿಷಲ್ಲೇ ಜಗಳಾಡಿ" ಎಂದು ಅತ್ತಿದ್ದಳು ಕೂಡ.

ಕಳೆದ ವಾರ ನಮ್ಮ ಮನೆಯಿರುವ ರವೀಂದ್ರನಗರದಿಂದ ಸ್ಕೂಟರಿನಲ್ಲಿ ಭದ್ರಾವತಿಗೆ ಹೋಗಿದ್ದೆ. ಅಲ್ಲಿನ ನ್ಯೂ ಟೌನಿನ ಹೋಟೆಲೊಂದರ ಮುಂದೆ ಮಾವನವರೇ ಎದುರಾದರು. "ಏನ್ ಅಳಿಯಂದ್ರೇ, ಈ ಕಡೆ? ಬನ್ನಿ, ಕಾಫಿ ಕುಡಿಯೋಣ" ಎಂದರು! ಅವರು ಕೈತೊಳೆಯಲು ಹೋದಾಗ, ಖುಷಿ ತಡೆಯಲಾರದೆ ಮನೆಯ ವಾಟ್ಸಾಪ್ ಗ್ರೂಪಿಗೆ ಇಂಗ್ಲಿಷಿನಲ್ಲಿ ಹಾಕಿದೆ: 'ವೈಲ್ ಗೋಯಿಂಗ್ ಆನ್ ಸ್ಕೂಟರ್, ಬಂಪ್ಡ್ ಇನ್‌ಟು ಮಾವ. ವೆರಿ ಹ್ಯಾಪಿ!'

ಮರುಕ್ಷಣ ಸುಧಾಳ ಫೋನು. "ರೀ! ಅಪ್ಪಂಗೆ ಗುದ್ದಿಬಿಟ್ರಾ? ಗುದ್ದಿದ್ದೂ ಅಲ್ದೆ ಖುಷಿಯಾಯ್ತು ಅಂತ ಬೇರೆ ಬರೀತೀರಲ್ರೀ!"

ಹೊಸಮನೆ ಬಡಾವಣೆಯಲ್ಲಿರುವ ಭಾವಮೈದ ಆಗಲೇ 'ಯಾವ ಆಸ್ಪತ್ರೆ?' ಎಂದು ಕೇಳಿದ್ದ. ಅಬ್ಬಬ್ಬಾ! ಇಷ್ಟು ವರ್ಷ ಜೊತೆಗೆ ಸಂಸಾರ ಮಾಡಿದವಳು, ಗಂಡ ತನ್ನಪ್ಪನ ಮೇಲೆ ಗಾಡಿ ಹತ್ತಿಸುವಂಥವನೆಂದು ಒಂದೇ ಏಟಿಗೆ ನಂಬಿಬಿಡುವುದೇ? ಸಿಟ್ಟೂ ಬಂತು, ಅಳುವೂ ಬಂತು. ಕೊನೆಗೆ ಮಾವನವರೇ ಫೋನು ತೆಗೆದುಕೊಂಡು, "ಏನೂ ಆಗಿಲ್ಲ ಮಾರಾಯ್ತಿ, ಕಾಫಿ ಕುಡೀತಿದೀವಿ" ಎಂದ ಮೇಲೆಯೇ ಅವಳ ಉಸಿರು ಹತೋಟಿಗೆ ಬಂದದ್ದು. "ಬಂಪ್ಡ್ ಇನ್‌ಟು ಅಂದ್ರೆ ಸಿಕ್ಕಿದ್ರು ಅಂತ. ಇನ್ಮೇಲಾದ್ರೂ ತಿಳ್ಕೊಳ್ಳಿ ಎಲ್ರೂ" ಎಂದು ನಾನು ಪಾಠವನ್ನೂ ಮಾಡಿದೆ.

ಆ ಪಾಠದ ಗತ್ತಿನಲ್ಲೇ ಹೊರಗೆ ಬಂದು, ಹಿಂದೆ ನೋಡದೆ ಸ್ಕೂಟರನ್ನು ಹಿಂದಕ್ಕೆ ಎಳೆದೆ. ಧಡ್! "ಅಯ್ಯೋ, ನನ್ ಮಂಡಿ!" ಎಂದು ಮಾವನವರು ಕಟ್ಟೆಯ ಮೇಲೆ ಕುಳಿತುಬಿಟ್ಟರು. ತಕ್ಷಣ ಫೋನು ಮಾಡಿದೆ.

"ಸುಧಾ, ಮಾವಂಗೆ ಗಾಡಿ ಬಂಪ್ ಆಯ್ತು ಕಣೇ..."

"ಗೊತ್ತಾಯ್ತು ಬಿಡ್ರೀ, ಸಿಕ್ಕಿದ್ರು ಅಂತ ತಾನೆ? ಎಷ್ಟ್ ಸಲ ಹೇಳ್ತೀರಾ!" ಫೋನಿಟ್ಟಳು.

ಮಾವನವರು ಮಂಡಿ ಉಜ್ಜಿಕೊಳ್ಳುತ್ತ ನನ್ನ ಮುಖವನ್ನೇ ನೋಡಿದರು. "ಅಳಿಯಂದ್ರೇ, ಈಗ ಆಗಿದ್ದಕ್ಕೆ ಇಂಗ್ಲಿಷಲ್ಲಿ ಏನಂತಾರೆ?"