ಎಲ್ಲರನ್ನೂ ರದ್ದು ಮಾಡಿದ ಯಂತ್ರ

ಒಂದಾನೊಂದು ಕಾಲದಲ್ಲಿ, ಏಳು ಸಮುದ್ರದ ಆಚೆಗಲ್ಲ, ಗದಗಿನ ಬಸ್ ಸ್ಟ್ಯಾಂಡಿನ ಹಿಂದೆಯೇ, ಹದಿನೈದು ಹಾಸಿಗೆಯ ಒಂದು ಆಸ್ಪತ್ರೆಯಿತ್ತು. ಅಲ್ಲಿನ ಗುಮಾಸ್ತೆ ಪರಿಮಳಾಗೆ ಅಂದು ಒಂದೇ ಚಿಂತೆ. ಡಾಕ್ಟರ್ ಇಂದುಮತಿಯವರ ನವೀಕರಿಸಿದ ಲೈಸೆನ್ಸನ್ನು ಸಂಜೆ ಐದರೊಳಗೆ ವಿಮಾ ಯೋಜನೆಯ ಪೋರ್ಟಲ್ಲಿಗೆ ಏರಿಸಬೇಕು. ತಪ್ಪಿದರೆ ಪಟ್ಟಿಯಿಂದ ಡಾಕ್ಟರ ಹೆಸರು ಹಾರಿಹೋಗುತ್ತದೆ, ನಾಳೆ ತೆಗೆಯಬೇಕಾದ ನೀಲವ್ವಜ್ಜಿಯ ಪಿತ್ತಕೋಶದ ಕಲ್ಲು ಹೊಟ್ಟೆಯಲ್ಲೇ ಠಿಕಾಣಿ ಹೂಡುತ್ತದೆ.

ಎಕ್ಸ್‌ರೇ ತೆಗೆಯುವ ಈರಪ್ಪ ತನ್ನ ಹೊಸ ಯಂತ್ರವನ್ನು ತಳ್ಳಿಕೊಂಡು ಬಂದ. ಸಲೈನ್ ಸ್ಟ್ಯಾಂಡಿಗೆ ಚಕ್ರ, ಒಂದು ಗಾಜಿನ ಕಣ್ಣು, ರಬ್ಬರ್ ಸ್ಟಾಂಪು ಹಿಡಿದ ಒಂದು ಕೈ.

"ಲೈಸೆನ್ಸಿನ ತಾರೀಖು ತಾನೇ ಓದತೈತಿ, ತಾನೇ ಕಳಸತೈತಿ. ಪೋರ್ಟಲ್ಲಿನ ಪಾಸ್‌ವರ್ಡೂ ಬದಲಿಸೈತಿ. ನನಗೂ ಗೊತ್ತಿಲ್ಲ ನೋಡ್ರಿ," ಎಂದು ಬೀಗಿದ.

ಹೊಸ ಯಂತ್ರ, ಪೂಜೆಯಿಲ್ಲದೆ ಹೇಗೆ? ಪರಿಮಳಾ ಭಕ್ತಿಯಿಂದ ಅದರ ಹಣೆಗೆ ಮೂರು ಬೆರಳು ವಿಭೂತಿ ಎಳೆದಳು. ಈರಪ್ಪ ಗುಂಡಿ ಒತ್ತಿದ.

ಯಂತ್ರ ಲೈಸೆನ್ಸಿನ ಝೆರಾಕ್ಸ್ ನೋಡಿತು. "ಗೆರೆ ಹೊಡೆದಿದ್ದಾರೆ. ರದ್ದು." ಠಪ್ಪನೆ ಸ್ಟಾಂಪು ಬಿತ್ತು. ಈರಪ್ಪನ ಗುರುತಿನ ಚೀಟಿ ನೋಡಿತು. ರದ್ದು. ಈ ಸಲ ಸ್ಟಾಂಪು ಬಿದ್ದದ್ದು ಅವನ ಬೋಳುತಲೆಗೆ. ಪಕ್ಕದ ಬೆಂಚಿನ ಮೇಲೆ ಕೂತಿದ್ದ ನೀಲವ್ವಜ್ಜಿಯ ಚೀಟಿಯೂ ರದ್ದು.

"ನನ್ನ ವಯಸ್ಸೂ ರದ್ದು ಮಾಡತೈತೇನು ಕೇಳವ್ವಾ," ಎಂದಳು ಅಜ್ಜಿ, ಆಸೆಯಿಂದ.

ಗದ್ದಲಕ್ಕೆ ಡಾಕ್ಟರು ಹೊರಗೆ ಬಂದರು. "ಈರಪ್ಪಾ, ಅದನ್ನ ಬಂದ್ ಮಾಡ್ರಿ."

"ನಾ ಹೆಂಗ ಮಾಡ್ಲಿ ಮೇಡಂ? ನನ್ನ ಮಾತು ಕೇಳವಲ್ದು. ಈಗಷ್ಟೇ ರದ್ದಾಗೀನಿ."

ಗಡಿಯಾರದಲ್ಲಿ ಐದಕ್ಕೆ ಹತ್ತು ನಿಮಿಷ. ಯಂತ್ರ ವಾರ್ಡಿಗೆ ನುಗ್ಗಿ ಹಾಸಿಗೆ, ಬಾಗಿಲು, ಬಾಳೆಹಣ್ಣು ಎಂದು ನೋಡದೆ ಎಲ್ಲವನ್ನೂ ರದ್ದು ಮಾಡುತ್ತ ಹೊರಟಿತ್ತು.

"ಕಣ್ಣಿಗೆ ವಿಭೂತಿ ಬಡದ್ರ ಪಾಪ, ಅದಕ್ಕರ ಏನು ಕಂಡೀತು?" ಎಂದಳು ನೀಲವ್ವಜ್ಜಿ.

ಪರಿಮಳಾ ನಾಲಿಗೆ ಕಚ್ಚಿಕೊಂಡಳು. ಯಂತ್ರಕ್ಕೆ ಹಣೆ ಎಲ್ಲಿಂದ ಬರಬೇಕು, ಇದ್ದದ್ದೊಂದು ಕಣ್ಣು! ತಾನೆಳೆದ ಮೂರು ಗೆರೆಯೇ ಅದಕ್ಕೆ ಎಲ್ಲದರ ಮೇಲೂ ಕಾಣುತ್ತಿದ್ದವು. ವಾರ್ಡಿನುದ್ದಕ್ಕೂ ಅಟ್ಟಿಸಿಕೊಂಡು ಹೋಗಿ, ಎರಡು ಸಲ ರದ್ದಾಗಿ, ಕೊನೆಗೆ ಸೆರಗಿನಿಂದ ಅದರ ಕಣ್ಣೊರೆಸಿ ಮೂಲ ಲೈಸೆನ್ಸನ್ನೇ ಮುಂದೆ ಹಿಡಿದಳು. ಕಣ್ಣು ಪಿಳುಕಿಸಿತು. ಗುಂಯ್‌ಗುಟ್ಟಿತು. ಐದಕ್ಕೆ ಒಂದು ನಿಮಿಷವಿರುವಾಗ ಕಳಿಸಿತು.

ಪರದೆಯ ಮೇಲೆ ಅಕ್ಷರ ಮೂಡಿತು: "ಸ್ವೀಕರಿಸಲಾಗಿದೆ. ಯೋಜನೆಯ ವೈದ್ಯರು: ಇಬ್ಬರು."

ಮೊದಲ ಹೆಸರು ಇಂದುಮತಿ. ಎರಡನೆಯದು ಯಂತ್ರದ್ದೇ, ತೊಂಬತ್ತೊಂಬತ್ತು ವರ್ಷದ ಲೈಸೆನ್ಸ್ ಸಮೇತ.

ಪರಿಮಳಾ ಓದಿ ಹೇಳಿದಾಗ ನೀಲವ್ವಜ್ಜಿ ಇಬ್ಬರನ್ನೂ ಒಮ್ಮೆ ಅಳೆದು ನೋಡಿದಳು.

"ನನಗ ಮೊದಲಿನ ಡಾಕ್ಟರೇ ಇರಲಿ. ಎರಡನೇದು ಕೈ ತೊಳಕೊಂಡದ್ದು ನಾ ನೋಡಿಲ್ಲ."