ಎರಡು ಯೋಯೋ, ಒಂದು ಸಹಿ

ಗಡಿಯಾರದಜ್ಜ ಒಂದೇ ಯೋಯೋ ಕೊಟ್ಟಿದ್ದರೆ ಇಷ್ಟೆಲ್ಲ ಆಗುತ್ತಲೇ ಇರಲಿಲ್ಲ. ಎರಡು ಕೊಟ್ಟ. ಕೊಟ್ಟು, ಒಂದನ್ನು ಆರಿಸಿಕೋ ಅಂದ. ಹೊಟ್ಟೆ ತುಂಬಿದವನ ಮುಂದೆ ಎರಡು ತಟ್ಟೆ ಇಟ್ಟರೂ ತಲೆ ಕೆಡುತ್ತದೆ. ಬುಗುರಿಯಂತೂ ಆರು ಭಾನುವಾರದಿಂದ ಹಸಿದಿದ್ದ.

ಬುಗುರಿ ಅನ್ನುವುದು ಹೆತ್ತವರು ಇಟ್ಟ ಹೆಸರಲ್ಲ. ವರ್ಕ್‌ಶಾಪಿನಲ್ಲಿ ಲೇತ್ ಮೇಲೆ ಕಬ್ಬಿಣ ತಿರುವುವ ಟರ್ನರ್ ಅವನು. ಅವನ ಜೇಬಿನಲ್ಲಿ ಸದಾ ಒಂದು ಪ್ಲಾಸ್ಟಿಕ್ ಯೋಯೋ ಇರುವುದನ್ನು ಕಂಡ ಫೋರ್ಮನ್ ಆ ಹೆಸರು ಅಂಟಿಸಿದ. ಬುಗುರಿ ನೆಲದ ಮೇಲೆ ತಿರುಗುವಂಥದ್ದು, ಯೋಯೋ ದಾರದ ಮೇಲೆ ತಿರುಗುವಂಥದ್ದು, ಎರಡೂ ಬೇರೆ ಎಂದು ಇವನು ನಾಲ್ಕು ವರ್ಷ ವಾದಿಸಿದ. ವಾದಿಸಿದಷ್ಟೂ ಹೆಸರು ಗಟ್ಟಿಯಾಯಿತು.

ಅವನಿದ್ದದ್ದು ಅಕ್ಕನ ಮನೆಯಲ್ಲಿ. ಭಾವನದು ಹಾಸಿಗೆ ಅಂಗಡಿ, ಭಾನುವಾರವೇ ಗಿರಾಕಿ ಹೆಚ್ಚು. ವಾರವೆಲ್ಲ ಲೇತಿನ ಮುಂದೆ ನಿಂತು ಸವೆದವನು ಆ ಒಂದು ದಿನ ಯೋಯೋ ಹಿಡಿದು ತಾರಸಿ ಹತ್ತಿದರೆ ಅಕ್ಕನಿಗೆ ಮೈಯೆಲ್ಲ ಉರಿ. ಕಳೆದ ವರ್ಷ ಆಟದ ಸಂಘದ ಸ್ಪರ್ಧೆಯಲ್ಲಿ ಇವನ ಪ್ಲಾಸ್ಟಿಕ್ ಯೋಯೋ ಮೂರು ನಿಮಿಷದ ಆಟದಲ್ಲಿ ಎರಡನೇ ನಿಮಿಷಕ್ಕೇ ತಿರುಗುವುದನ್ನು ನಿಲ್ಲಿಸಿ, ದಾರದ ತುದಿಯಲ್ಲಿ ಸತ್ತ ಇಲಿಯ ಹಾಗೆ ಜೋತುಬಿದ್ದಿತ್ತು. ಮೂರು ವರ್ಷದಿಂದ ಗೆಲ್ಲುತ್ತಿದ್ದ ಔಷಧಿ ಅಂಗಡಿಯವನೇ ಮತ್ತೆ ಗೆದ್ದ. ಅವತ್ತು ರಾತ್ರಿ ಊಟಕ್ಕೆ ಬಡಿಸುತ್ತಲೇ ಅಕ್ಕ ತೀರ್ಮಾನ ಹೇಳಿದಳು.

"ಮುಂದಿನ ವರ್ಷ ಗೆದ್ದರೆ ನಿನ್ನ ಭಾನುವಾರ ನಿಂದು, ನಾನು ಬಾಯಿ ಬಿಡಲ್ಲ. ಸೋತೆಯೋ, ಎಲ್ಲಾ ಭಾನುವಾರ ಭಾವಂದು. ಬಂದು ಹತ್ತಿ ತುಂಬು."

ಬುಗುರಿ ಒಪ್ಪಿದ. ಈ ವರ್ಷದ ಸ್ಪರ್ಧೆಗೆ ಎರಡು ತಿಂಗಳಿರುವಾಗ ಗಡಿಯಾರದಜ್ಜನ ಅಂಗಡಿಗೆ ಹೋದ. ಅಜ್ಜ ಗಡಿಯಾರ ರಿಪೇರಿಯ ಜೊತೆಗೆ ಆಟದ ಸಾಮಾನನ್ನೂ ಮಾರುತ್ತಿದ್ದ, ಗಾಜಿನ ಪೆಟ್ಟಿಗೆಯಲ್ಲಿ ಹೊರಗಿಂದ ತರಿಸಿದ ಎರಡು ಯೋಯೋ ಇದ್ದವು. ಎರಡೂ ಲೋಹದವು: ಮೈ ಅಲ್ಯೂಮಿನಿಯಮ್‌ನದು, ಅಂಚಿಗೆ ಕೂರಿಸಿದ್ದು ಉಕ್ಕಿನ ಬಳೆ. ಆರು ಭಾನುವಾರ ಅಂಗಡಿಯಲ್ಲಿ ಕೂತು, ಹಳೇ ಗೋಡೆ ಗಡಿಯಾರಗಳಿಗೆ ಸಣ್ಣ ಸಣ್ಣ ಹಿತ್ತಾಳೆ ಬಿಡಿಭಾಗ ಮಾಡಿಕೊಟ್ಟರೆ ಅದರಲ್ಲೊಂದು ಅವನಿಗೆ. ಮಾಡಿಕೊಟ್ಟ. ಸ್ಪರ್ಧೆಯ ದಿನ ಬೆಳಿಗ್ಗೆ ಅಜ್ಜ ಎರಡನ್ನೂ ಬಟ್ಟೆಯಲ್ಲಿ ಸುತ್ತಿ ಅವನ ಕೈಗಿಟ್ಟ.

"ಎರಡೂ ಆಡಿಸಿ ನೋಡು. ನಾಲ್ಕು ಗಂಟೆಗೆ ಒಂದು ನನ್ನ ಕೈಗೆ ಬರಲೇಬೇಕು, ಅದಕ್ಕೆ ಬೇರೆ ಜಾಗ ಗೊತ್ತುಮಾಡಿದ್ದೀನಿ. ಒಂದು ಗೀರು ಬಿದ್ದಿದ್ದರೂ ಎರಡನ್ನೂ ವಾಪಸ್ ಇಟ್ಕೋತೀನಿ. ನೀನು ಮತ್ತೆ ಆರು ಭಾನುವಾರ ಬರ್ತೀಯ."

ವರ್ಕ್‌ಶಾಪಿಗೆ ಬಂದ ಬುಗುರಿ ಬೆಳಗಿನ ಚಹದ ಹೊತ್ತಿನಲ್ಲಿ ದಿನದ ಕೆಲಸ ಬರೆದುಕೊಡುವ ಜಾಬ್ ಕಾರ್ಡಿನ ಹಿಂದೆ ಗೆರೆ ಎಳೆದು ಎರಡರ ಗುಣದೋಷ ತೂಗತೊಡಗಿದ. ದಪ್ಪನೆಯದಕ್ಕೆ ಬಳೆ ಹೊರ ಅಂಚಿನಲ್ಲೇ ಇತ್ತು. ತೂಕವೆಲ್ಲ ಅಂಚಿಗೆ ಹೋದದ್ದರಿಂದ ಒಂದು ಸಲ ಬಿಟ್ಟರೆ ನಿಲ್ಲುವ ಮಾತೇ ಇಲ್ಲ, ಮನೆಗೆ ಹೋಗಿ ಊಟ ಮಾಡಿ ಬರಬಹುದು. ಆದರೆ ದಿಕ್ಕು ತಿರುಗಿಸಲು ಹೋದರೆ ಎಮ್ಮೆಯನ್ನು ಓಣಿಯಲ್ಲಿ ಹಿಂದಕ್ಕೆ ನೂಕಿದ ಹಾಗೆ. ದಾರ ಕುಯ್ದು ಬೆರಳು ಕೆಂಪಾಯಿತು. ಸಣ್ಣದಕ್ಕೆ ಬಳೆ ಒಳಗಿತ್ತು. ಅದು ನೊಣದ ಹಾಗೆ, ಅಂದುಕೊಳ್ಳುವ ಮೊದಲೇ ಇನ್ನೊಂದು ಕಡೆ ಇರುತ್ತಿತ್ತು. ಆದರೆ ಬೇಗ ಸುಸ್ತಾಗುತ್ತಿತ್ತು, ಸ್ವಲ್ಪ ವಾರೆಯಾಗಿ ಬಿಟ್ಟರೂ ಮುನಿಸಿಕೊಂಡು ಓಲುತ್ತಿತ್ತು. ಕಳೆದ ವರ್ಷದ ಸತ್ತ ಇಲಿ ನೆನಪಾಗಿ ಬುಗುರಿ ದಪ್ಪನೆಯದರ ಹೆಸರಿಗೆ ಅಡಿಗೆರೆ ಎಳೆದ.

ಅಷ್ಟರಲ್ಲಿ ಸುತ್ತ ಜನ ಸೇರಿದ್ದರು. ಫೋರ್ಮನ್ ದಪ್ಪನೆಯದನ್ನು ಕಿತ್ತುಕೊಂಡು, ಬೆರಳಿಗೆ ದಾರ ಸಿಕ್ಕಿಸಿ ಕೆಳಕ್ಕೆ ಬಿಟ್ಟ. ಅದು ಹೋಗಿ ಮೊಣಕಾಲಿನ ಹತ್ತಿರ ಗುಂಯ್ ಎನ್ನುತ್ತ ನಿಂತಿತು. ಎಳೆದ. ಬರಲಿಲ್ಲ. ಇನ್ನೂ ಜೋರಾಗಿ ಎಳೆದ. ಬರಲಿಲ್ಲ. ಬಾವಿಯಿಂದ ಕೊಡ ಸೇದುವವನ ಹಾಗೆ ಎರಡು ಕೈಯಿಂದಲೂ ದಾರವನ್ನು ಮೇಲಕ್ಕೆ ಸೇದಿದ.

"ಇದು ಮೇಲೆ ಬರಲ್ವಾ?"

ಇಂಥ ಯೋಯೋ ಎಳೆದರೆ ಬರುವುದಿಲ್ಲ, ಒಳಗೆ ನುಣುಪಾದ ಬೇರಿಂಗ್ ಇದೆ, ದಾರವನ್ನು ಒಂದು ಮಡಿಕೆ ಹಾಕಿ ಒಳಗೆ ಕಚ್ಚಿಸಿದರೆ ಮಾತ್ರ ಬರುತ್ತದೆ ಎಂದು ಬುಗುರಿ ವಿವರಿಸಿದ. ಯಾರ ತಲೆಗೂ ಹೋಗಲಿಲ್ಲ. ಆರು ಭಾನುವಾರ ದುಡಿದು ಮೇಲೆ ಬಾರದ ಯೋಯೋ ತಂದ ಅನ್ನುವ ಸುದ್ದಿ ಐದು ನಿಮಿಷದಲ್ಲಿ ಗೇಟಿನವರೆಗೂ ಮುಟ್ಟಿತು. ಸ್ಟೋರು ನೋಡಿಕೊಳ್ಳುವ ಮುದುಕ, ಎಲ್ಲರಿಗೂ ದೊಡ್ಡಪ್ಪ, ಹತ್ತಿರ ಬಂದು ಸಾವಿನ ಮನೆಯಲ್ಲಿ ಮಾತಾಡಿಸುವ ಹಾಗೆ ಭುಜ ಸವರಿ ಹೋದ.

ಸುಮ್ಮನಿರದವನು ಡಿಪ್ಲೊಮಾ. ಅವನು ಮಾಲು ಪರೀಕ್ಷೆ ಮಾಡುವವ. ಓದಿದ್ದು ಡಿಪ್ಲೊಮಾ ಎಂದು ದಿನಕ್ಕೆ ನಾಲ್ಕು ಸಲ ಹೇಳುತ್ತಿದ್ದುದರಿಂದ ಆ ಹೆಸರು. ಏಳನೇ ಕ್ಲಾಸಿಗೇ ಸ್ಕೂಲು ಬಿಟ್ಟ ಬುಗುರಿಯನ್ನು ಕಂಡರೆ ಅವನಿಗೆ ಪಾಠ ಮಾಡುವ ಚಟ. ಜಾಬ್ ಕಾರ್ಡಿನ ಹಿಂಬದಿ ನೋಡಿ ಮೂಗಿನಲ್ಲೇ ನಕ್ಕ.

"ಎಮ್ಮೆ, ನೊಣ ಅಂತೆಲ್ಲ ಬರೆದಿದ್ದೀಯಲ್ಲ, ಇದೇನು ಅಳತೇನಾ? ಅಂಚು ಎಷ್ಟು ಓಲುತ್ತೆ ಅಂತ ಡಯಲ್ ಗೇಜ್ ಇಟ್ಟು ನೋಡಬೇಕು. ಕಣ್ಣಳತೆ ನಿಮ್ಮಂಥೋರಿಗೆ."

ಆ 'ನಿಮ್ಮಂಥೋರು' ಬುಗುರಿಯ ಎದೆಗೆ ಮೊಳೆಯ ಹಾಗೆ ಇಳಿಯಿತು. ಕೂದಲೆಳೆಯ ದಪ್ಪವನ್ನು ಬೆರಳಲ್ಲೇ ಹೇಳುವವನು ಅವನು. ಹಾಕು ನಿನ್ನ ಗೇಜು ಅಂದುಬಿಟ್ಟ. ಊಟದ ವಿರಾಮದಲ್ಲಿ, ತನ್ನದೇ ಲೇತಿನ ಮುಂದೆ, ದಪ್ಪ ಯೋಯೋವನ್ನು ಎರಡು ಹೋಳಾಗಿ ಬಿಚ್ಚಿ ಒಂದು ಹೋಳನ್ನು, ಮಾಲು ಕಚ್ಚಿ ಹಿಡಿದು ತಿರುಗುವ ಚಕ್‌ನ ಬಾಯಿಗೆ ಕೊಟ್ಟ. ಗೀರು ಬೀಳಬಾರದೆಂದು ಮೆತ್ತನೆಯ ಬಟ್ಟೆ ಸುತ್ತಿ ಹಿಡಿಸಿದ. ಡಿಪ್ಲೊಮಾ ಗೇಜಿನ ಮುಳ್ಳು ಸರಿಮಾಡುತ್ತಿದ್ದಂತೆ ಬುಗುರಿ ಸ್ವಿಚ್ ಒತ್ತಿದ.

ಲೇತಿನ ಗೇರು ಬೆಳಿಗ್ಗೆ ಪಾಲಿಶ್ ಕೆಲಸಕ್ಕೆ ಹಾಕಿದ್ದ ಅತೀ ಜೋರಿನ ಸ್ಥಾನದಲ್ಲೇ ಇತ್ತು. ಡಿಪ್ಲೊಮಾ ನೋಡಿರಲಿಲ್ಲ, ಇವನೂ ನೋಡಿರಲಿಲ್ಲ.

ಚಕ್‌ನಲ್ಲಿ ಬಟ್ಟೆ ಮಾತ್ರ ಉಳಿಯಿತು. ಹೋಳು ಹಾರಿ ಕಬ್ಬಿಣದ ಬೀರುವಿಗೆ ಬಡಿದು, ಅಲ್ಲಿಂದ ಕಂಬಕ್ಕೆ ಬಡಿದು, ಡಿಪ್ಲೊಮಾನ ಬುತ್ತಿಯ ಡಬ್ಬಿಯೊಳಗೆ ಅನ್ನ ಸಿಡಿಸಿಕೊಂಡು ಕೂತಿತು. ಬುಗುರಿ ಓಡಿಹೋಗಿ ಅನ್ನ ಒರೆಸಿ ನೋಡಿದರೆ ಅಂಚಿನಲ್ಲಿ ಉಗುರಿನಷ್ಟು ತಗ್ಗು. ಉಕ್ಕಿನ ಬಳೆ ಮುದುಕಿಯ ಕೈಬಳೆಯ ಹಾಗೆ ಲೊಡಲೊಡ.

ಡಿಪ್ಲೊಮಾ ಡಬ್ಬಿ ಮುಚ್ಚಿ, ಬುಗುರಿಯ ಮೈನಡುಕ ಗೇಜಿಗೆ ತಾಗಿದ್ದರಿಂದ ಅಳತೆ ಸಿಗಲಿಲ್ಲ ಎಂದು ಹೇಳಿ ಹೊರಟುಹೋದ.

ಗಂಟೆ ಎರಡು. ಬುಗುರಿ ಸ್ಟೋರಿಗೆ ಓಡಿದ. ದೊಡ್ಡಪ್ಪ ವಿಷಯ ಕೇಳಿ ಮರುಗಿ, ಹಸಿರು ಅಂಟಿನ ಪುಟ್ಟ ಬಾಟಲಿ ತೆಗೆದುಕೊಟ್ಟ. "ಇದು ಕಚ್ಚಿದರೆ ಬಿಡೋ ಜಾತಿ ಅಲ್ಲ ಮಗಾ. ಆದರೆ ಒಂದು ಇಡೀ ದಿನ ಮುಟ್ಟಬಾರದು." ಬುಗುರಿ ಬಳೆಗೆ ಅಂಟು ಹಚ್ಚಿ ಒತ್ತಿದ, ತಗ್ಗನ್ನು ನುಣ್ಣನೆಯ ಅರದಿಂದ ಉಜ್ಜಿದ, ಪಾಲಿಶ್ ಹಚ್ಚಿ ಕನ್ನಡಿ ಮಾಡಿದ. ಬೆಳಿಗ್ಗೆ ಇದ್ದದ್ದಕ್ಕಿಂತ ಚಂದವಾಯಿತು. ಈಗ ಆರಿಸುವ ಪ್ರಶ್ನೆಯೇ ಇರಲಿಲ್ಲ. ಇದು ಅಜ್ಜನಿಗೆ, ಸಣ್ಣದು, ಆ ನೊಣ, ತನಗೆ. ಜಾಬ್ ಕಾರ್ಡಿನ ಲೆಕ್ಕಾಚಾರವನ್ನು ಹರಿದು ಕಸಕ್ಕೆ ಹಾಕಿದ.

ಅಷ್ಟು ಹೊತ್ತೂ ನೊಣ ದೊಡ್ಡಪ್ಪನ ಮೇಜಿನ ಮೇಲಿತ್ತು. ಬುಗುರಿ ತಿರುಗಿ ನೋಡಿದಾಗ ಮುದುಕ ಅದನ್ನು ಹಿಡಿದು ಮಗುವಿನ ಹಾಗೆ ನಗುತ್ತಿದ್ದ. ಕೆಳಕ್ಕೆ ಬಿಟ್ಟು ಎಳೆದರೆ ಯೋಯೋ ಠಪ್ಪನೆ ಮೇಲೆ ಬಂದು ಅಂಗೈಗೆ ಕೂರುತ್ತಿತ್ತು.

"ನೋಡು, ಸರಿ ಮಾಡ್ದೆ. ಬೇರಿಂಗ್ ಒಣಗಿತ್ತು, ಗ್ರೀಸ್ ತುಂಬಿದೆ. ಇಷ್ಟಕ್ಕೆ ಅಷ್ಟು ಜನ ನಗ್ತಿದ್ದರಲ್ಲ ನಿನ್ನ."

ಎಳೆದೊಡನೆ ಮೇಲೆ ಬರುವ ಯೋಯೋ ದಾರದ ಮೇಲೆ ನಿಂತು ತಿರುಗದು, ಸ್ಪರ್ಧೆಗೆ ಅದು ಸತ್ತ ಹಾಗೆಯೇ. ಪ್ರೀತಿಯಿಂದ ಮಾಡಿದವನನ್ನು ಬೈಯಲಾರದೆ ಬುಗುರಿ ಬೇರಿಂಗ್ ಬಿಚ್ಚಿ ಸೀಮೆಎಣ್ಣೆಯಲ್ಲಿ ಏಳು ಸಲ ಜಾಲಾಡಿ, ಬಾಯಿಂದ ಊದಿ ಊದಿ ಒಣಗಿಸಿದ. ತಲೆ ತಿರುಗುವ ಹೊತ್ತಿಗೆ ಅದು ಮತ್ತೆ ಮೇಲೆ ಬಾರದ ಯೋಯೋ ಆಯಿತು.

ನಾಲ್ಕಕ್ಕೆ ಎರಡು ನಿಮಿಷವಿರುವಾಗ ಅಂಗಡಿ ಮುಟ್ಟಿದ. ಅಜ್ಜ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡಿದ್ದ. ಬುಗುರಿ ದಪ್ಪನೆಯ ಎಮ್ಮೆಯನ್ನು ಮುಂದಿಟ್ಟ. ಆದರೆ ಅಜ್ಜ ಯೋಯೋ ಕಡೆ ನೋಡಲೇ ಇಲ್ಲ, ಭೂತಗನ್ನಡಿ ತೆಗೆದು ಬದಿಗಿಟ್ಟ. "ನೀನು ನೋಡಿದ ಮೇಲೆ ನಾನೇನು ನೋಡೋದು. ನನ್ನ ಗಾಜಿಗಿಂತ ನಿನ್ನ ಬೆರಳು ಚುರುಕು." ಒಂದು ಕಾಗದ ಮುಂದೆ ಸರಿಸಿದ. "ದೋಷ ಇಲ್ಲ ಅಂತ ಒಂದು ಸಾಲು ಬರೆದು ಸಹಿ ಹಾಕು. ನನಗೆ ಬೇಕಾಗುತ್ತೆ."

ಅಂಗಡಿಯ ಫೈಲಿಗೆ ಇರಬೇಕು ಅಂದುಕೊಂಡ ಬುಗುರಿ. ಕೈ ಒಂದು ಕ್ಷಣ ತಡೆಯಿತು. ಆರು ಭಾನುವಾರ ನೆನಪಾಗಿ ಮತ್ತೆ ಓಡಿತು.

ಸಂಜೆ ಆರಕ್ಕೆ ಸಂಘದ ಹಾಲ್ ತುಂಬಿತ್ತು. ವರ್ಕ್‌ಶಾಪಿನವರೆಲ್ಲ ಬಂದಿದ್ದರು. ಮುಂದಿನ ಸಾಲಿನಲ್ಲಿ ಅಕ್ಕ, ಭಾವ, ಪಕ್ಕದಲ್ಲಿ ಗಡಿಯಾರದಜ್ಜ. ಇದು ಮೇಲೆ ಬರುವುದಿಲ್ಲವಂತಲ್ಲ ಎಂದು ಭಾವ ಎರಡನೇ ಸಲ ಕೇಳಿ ಅಕ್ಕನಿಂದ ತಿವಿಸಿಕೊಂಡ. ಬುಗುರಿ ವೇದಿಕೆ ಹತ್ತಿದ. ಬೆಳಗಿನಿಂದ ನುಂಗಿದ್ದ ಸಿಟ್ಟೆಲ್ಲ ಬೆರಳಿಗೆ ಬಂತು. ನೊಣ ದಾರದ ಮೇಲೆ ಹತ್ತಿತು, ಇಳಿಯಿತು, ಬೆನ್ನ ಹಿಂದೆ ಹೋಗಿ ಮುಂದೆ ಬಂತು. ಸುಸ್ತಾಗುವ ಮೊದಲೇ ಮಡಿಕೆ ಹಾಕಿ ಕೈಗೆ ತಂದು ಮತ್ತೆ ಬಿಟ್ಟ. ಮೂರು ನಿಮಿಷ ಮುಗಿದಾಗ ಔಷಧಿ ಅಂಗಡಿಯವನೇ ಎದ್ದು ಚಪ್ಪಾಳೆ ತಟ್ಟಿದ.

ಗೆದ್ದ. ಅಕ್ಕ ಕಣ್ಣೊರೆಸಿಕೊಂಡಳು. ಬುಗುರಿಗೆ ಮುಂದಿನ ಭಾನುವಾರಗಳೆಲ್ಲ ಸಾಲಾಗಿ ನಿಂತು ಕೈಬೀಸಿದ ಹಾಗಾಯಿತು.

ಸಂಘದ ಅಧ್ಯಕ್ಷೆ ಮೈಕು ಹಿಡಿದರು. ಈ ವರ್ಷದ ಬಹುಮಾನ ನಮ್ಮ ಗಡಿಯಾರದಜ್ಜನ ಕೊಡುಗೆ ಎಂದು ಹೇಳಿ ಕೆಂಪು ರಿಬ್ಬನ್ನಿನ ಪೆಟ್ಟಿಗೆ ತೆರೆದರು. ಒಳಗೆ ಎಮ್ಮೆ ಫಳಫಳ ಹೊಳೆಯುತ್ತಿತ್ತು. ಜೊತೆಗೊಂದು ಕಾಗದ. ಅದನ್ನೂ ಓದಿದರು. "ಈ ಯೋಯೋವನ್ನು ಇಡೀ ದಿನ ಪರೀಕ್ಷಿಸಿದ್ದೇನೆ. ಯಾವ ದೋಷವೂ ಇಲ್ಲ. ಸಹಿ." ಸಹಿ ಯಾರದೆಂದು ನೋಡಿ ಅವರಿಗೇ ನಗು ಬಂತು. ಪರೀಕ್ಷೆ ಮಾಡಿದವನಿಗೇ ಬಹುಮಾನ ಸಿಕ್ಕಿದೆ ಅಂದರು. ಹಾಲೆಲ್ಲ ಗೊಳ್ಳೆಂದಿತು.

ಬಹುಮಾನವನ್ನು ಒಂದು ಸಲ ಆಡಿಸಿ ತೋರಿಸಬೇಕಂತೆ. ಬೆರಳು ನೋವು ಅಂದ. ತಲೆ ಸುತ್ತು ಅಂದ. ಗಂಟಲು ಕೆಟ್ಟಿದೆ ಅಂತಲೂ ಅಂದ.

"ಒಂದು ಸಲ ಬಿಡೋ," ಎಂದು ಅಕ್ಕ ಕೆಳಗಿನಿಂದ ಕೂಗಿದಳು. "ಮದುಮಗನ ಹಾಗೆ ನಾಚ್ಕೋಬೇಡ."

ಬುಗುರಿ ಮಗುವನ್ನು ತೊಟ್ಟಿಲಿಗೆ ಇಳಿಸುವ ಹಾಗೆ ಮೆಲ್ಲಗೆ ಬಿಟ್ಟ. ಅದು ಕೆಳಗೆ ಹೋಗಿ ಗುಂಯ್ ಎಂದಿತು. ಮಡಿಕೆ ಹಾಕಿ ಮೇಲೆ ತರೋಣವೆಂದರೆ ಆ ಕುಲುಕಿಗೇ ಬಳೆ ಕಿತ್ತು ಬರುವ ಭಯ. ತಾನಾಗಿಯೇ ನಿಲ್ಲಲಿ ಎಂದು ಅಲ್ಲಾಡದೆ ನಿಂತ. ಒಂದು ನಿಮಿಷ ತಿರುಗಿತು. ಎರಡು ನಿಮಿಷ ತಿರುಗಿತು. ನಿಲ್ಲುವ ಮಾತೇ ಇಲ್ಲ ಎಂದು ಬೆಳಿಗ್ಗೆ ತಾನೇ ಮೆಚ್ಚಿ ಬರೆದದ್ದು ನೆನಪಾಯಿತು. ಜನ ಮೂಕವಿಸ್ಮಿತರಾಗಿ ನೋಡುತ್ತಿದ್ದರು. ಇದು ಇವನ ಹೊಸ ವಿದ್ಯೆ ಎಂದು ತಿಳಿದು ಅಧ್ಯಕ್ಷೆ ಗಡಿಯಾರ ನೋಡಿಕೊಂಡರು. ಮೂರನೇ ನಿಮಿಷಕ್ಕೆ ಟಿಕ್ ಎಂದು ಸದ್ದಾಯಿತು.

ಬಳೆ ಕಳಚಿ ವೇದಿಕೆಗೆ ಬಿತ್ತು. ನೆಟ್ಟಗೆ ಉರುಳಿತು, ಮೂರು ಮೆಟ್ಟಿಲು ಒಂದೊಂದಾಗಿ ಇಳಿಯಿತು, ಮುಂದಿನ ಸಾಲಿಗೆ ಹೋಗಿ ಗಡಿಯಾರದಜ್ಜನ ಚಪ್ಪಲಿಯ ಮುಂದೆ ಗಿರಗಿರ ತಿರುಗಿ ಮಲಗಿತು. ಹಿಂದಿನ ಸಾಲಿನಿಂದ ದೊಡ್ಡಪ್ಪನ ಕರುಣೆಯ ದನಿ ಎಲ್ಲರಿಗೂ ಸ್ಪಷ್ಟವಾಗಿ ಕೇಳಿತು.

"ಒಂದಿಡೀ ದಿನ ಮುಟ್ಟಬೇಡ ಅಂದಿದ್ದೆನಲ್ಲ ಮಗಾ."

ಅಜ್ಜ ಬಳೆ ಎತ್ತಿಕೊಂಡ. ಅಂಚಿನ ಹಸಿರು ಅಂಟನ್ನು ಉಗುರಿನಿಂದ ಕೆರೆದು ನೋಡಿದ. ವೇದಿಕೆ ಹತ್ತಿ ಅಧ್ಯಕ್ಷೆಯ ಕೈಯಿಂದ ಆ ಕಾಗದ ತೆಗೆದುಕೊಂಡು ಮಡಿಚಿ ಜೇಬಿಗಿಟ್ಟ. ಆಮೇಲೆ ಎರಡೂ ಯೋಯೋಗಳಿಗೆ ಕೈ ಚಾಚಿದ. ಬುಗುರಿ ಕೊಟ್ಟ.

"ಗೀರಿಗೆ ಆರು," ಅಂದ ಅಜ್ಜ ಮೆಲ್ಲಗೆ. "ಸಹಿಗೆ ಆರು. ಭಾನುವಾರ ಒಂಬತ್ತು ಗಂಟೆಗೆ ಬಾ."

ಬುಗುರಿ ಅಕ್ಕನ ಕಡೆ ನೋಡಿದ. ಅವಳು ಕೊಟ್ಟ ಮಾತಿಗೆ ತಪ್ಪುವವಳಲ್ಲ. "ಗೆದ್ದಿದ್ದಾನೆ, ಅವನ ಭಾನುವಾರ ಅವನದು. ನಾನು ಕೇಳಲ್ಲ. ಅಜ್ಜ, ಕರ್ಕೊಂಡು ಹೋಗಿ," ಅಂದಳು.

ಮನೆಯ ದಾರಿಯಲ್ಲಿ ಕೈ ಸುಮ್ಮನಿರದೆ ಬುಗುರಿ ಜೇಬಿನಿಂದ ಹಳೇ ಪ್ಲಾಸ್ಟಿಕ್ ಯೋಯೋ ತೆಗೆದು ಕೆಳಕ್ಕೆ ಬಿಟ್ಟ, ಎಳೆದ. ಅದು ಬಂದು ಅಂಗೈಗೆ ಕೂತಿತು. ಭಾವ ನಿಂತೇಬಿಟ್ಟ.

"ಅರೆ, ಇದು ಮೇಲೆ ಬರುತ್ತಲ್ಲೋ. ಇದನ್ನೇ ಇಟ್ಕೊಂಡಿದ್ದರೆ ಆಗ್ತಿರಲಿಲ್ವಾ?"